ನೂಡಲ್ಸ್‌ಗೊಂದು ಹಿಟ್ಟು, ಡಂಪ್ಲಿಂಗ್‌ಗೊಂದು

ಪ್ರಶ್ನೆ: ರಜೆಯ ದಿನ ಮನೆಮಂದಿಯೆಲ್ಲ ಸೇರಿ ನೂಡಲ್ಸ್, ಹೂರಣ ತುಂಬಿದ ಡಂಪ್ಲಿಂಗ್ ಎರಡನ್ನೂ ಮಾಡೋಣ ಅಂತಿದ್ದೇವೆ. ಒಂದೇ ಹಿಟ್ಟು ಕಲಸಿದರೆ ಆಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ನೂಡಲ್ಸ್ ಹಿಟ್ಟು ಗಟ್ಟಿಯಿರಬೇಕು: 400 ಗ್ರಾಂ ಮೈದಾಗೆ 170ರಿಂದ 180 ಮಿ.ಲೀ. ತಣ್ಣೀರು, 5 ಗ್ರಾಂ ಉಪ್ಪು. ಕಲಸುವಾಗ ಉದುರುದುರಾಗಿ, ಮುದ್ದೆ ಕಟ್ಟುವುದೇ ಇಲ್ಲವೇನೋ ಅನ್ನಿಸುತ್ತದೆ. ಬಹಳಷ್ಟು ಜನ ಅಲ್ಲೇ ಇನ್ನಷ್ಟು ನೀರು ಸುರಿದು ಕೆಡಿಸಿಕೊಳ್ಳುತ್ತಾರೆ. ಒದ್ದೆ ಬಟ್ಟೆ ಮುಚ್ಚಿ 20 ನಿಮಿಷ ಬಿಡಿ. ಹಿಟ್ಟು ನೀರು ಹೀರಿಕೊಂಡಿರುತ್ತದೆ, ಆಮೇಲೆ ನಾದಿದರೆ ಕೈಗೆ ಬರುತ್ತದೆ.

ಡಂಪ್ಲಿಂಗ್‌ಗೆ 300 ಗ್ರಾಂ ಮೈದಾ, 150 ಮಿ.ಲೀ. ನೀರು. ಕುದಿಯುವ ನೀರಿನಲ್ಲಿ ಬೇಯಿಸುವುದಾದರೆ ತಣ್ಣೀರಲ್ಲಿ ಕಲಸಿ. ಹಬೆಯಲ್ಲಿ ಬೇಯಿಸುವುದಕ್ಕೆ ಕುದಿನೀರೇ ಸರಿ (ಮೊದಲು ಚಮಚದಿಂದ ಕಲಸಿ, ಕೈ ಸುಟ್ಟುಕೊಳ್ಳಬೇಡಿ). ಬಿಸಿ ನೀರಿಗೆ ಪಿಷ್ಟ ಉಬ್ಬಿ ಹಿಟ್ಟು ಮೆತ್ತಗಾಗುತ್ತದೆ, ಹಿಗ್ಗಿ ಕುಗ್ಗುವ ಗುಣ ಕಡಿಮೆಯಾಗುತ್ತದೆ. ಅದನ್ನೇ ಕುದಿಯುವ ನೀರಿಗೆ ಹಾಕಿದರೆ ಸುಲಭವಾಗಿ ಹರಿಯುತ್ತದೆ.

ಪ್ರಶ್ನೆ: ಲಟ್ಟಿಸಿದ ಹಾಳೆ ಮತ್ತೆ ಮತ್ತೆ ಕುಗ್ಗುತ್ತದೆ. ಕತ್ತರಿಸಿದ ಎಳೆಗಳು ಪಾತ್ರೆಯಲ್ಲಿ ಒಂದಕ್ಕೊಂದು ಅಂಟುತ್ತವೆ.

ಉತ್ತರ: ಕುಗ್ಗುವ ಹಿಟ್ಟಿನ ಜೊತೆ ಗುದ್ದಾಡಬೇಡಿ, ಮುಚ್ಚಿಟ್ಟು 15 ನಿಮಿಷ ಸುಮ್ಮನಿರಿ. 2 ಮಿ.ಮೀ.ಗಿಂತ ತೆಳ್ಳಗೇ ಲಟ್ಟಿಸಿ, ಬೆಂದಾಗ ದಪ್ಪವಾಗುತ್ತದೆ. ಮಡಚುವ ಮುಂಚೆ ಕಾರ್ನ್‌ಫ್ಲೋರ್ ಉದುರಿಸಿ. ಕತ್ತರಿಸಿದ ಕೂಡಲೇ ಎಳೆಗಳನ್ನು ಬಿಡಿಸಿ, ಹೆಚ್ಚಿನ ಪುಡಿ ಕೊಡವಿ. 400 ಗ್ರಾಂ ಹಿಟ್ಟಿನ ನೂಡಲ್ಸ್‌ಗೆ ಕನಿಷ್ಠ 4 ಲೀಟರ್ ನೀರು ಬೇಕು, ಅದೂ ಮರಳುತ್ತಿರಬೇಕು. ಹಾಕಿದ ತಕ್ಷಣ ಒಮ್ಮೆ ಕೆದಕಿ. ಎರಡು-ಮೂರು ನಿಮಿಷಕ್ಕೆ ಒಂದೆಳೆ ಕಚ್ಚಿ ನೋಡಿ.

ಪ್ರಶ್ನೆ: ಡಂಪ್ಲಿಂಗ್ ಬಾಯಿ ಬಿಟ್ಟು ಹೂರಣವೆಲ್ಲ ನೀರುಪಾಲು. ಅಂಚು ಮಾತ್ರ ಹಸಿಹಸಿ.

ಉತ್ತರ: ತಪ್ಪು ಎರಡು ಕಡೆ ಇರಬಹುದು. ಮೊದಲನೆಯದು ಎಲೆಕೋಸು. 250 ಗ್ರಾಂ ಸಣ್ಣಗೆ ಹೆಚ್ಚಿ, ಅರ್ಧ ಚಮಚ ಉಪ್ಪು ಬೆರೆಸಿ 15 ನಿಮಿಷ ಇಟ್ಟು, ಬಟ್ಟೆಯಲ್ಲಿ ಕಟ್ಟಿ ಹಿಂಡಿ. ಹೀಗೆ ಮಾಡದಿದ್ದರೆ ಹೂರಣ ತುಂಬಿದ ಮೇಲೆ ನೀರು ಬಿಟ್ಟು ಅಂಚನ್ನು ನೆನೆಸುತ್ತದೆ. ಉಪ್ಪು ಆಗಲೇ ಸೇರಿದೆ ಅನ್ನುವುದು ನೆನಪಿರಲಿ.

ಎರಡನೆಯದು ಹಾಳೆಯ ಆಕಾರ. 11 ಗ್ರಾಂ ಉಂಡೆಯನ್ನು ಅಂಗೈಯಿಂದ ಒತ್ತಿ. ಒಂದು ಕೈಯಲ್ಲಿ ಲಟ್ಟಣಿಗೆಯನ್ನು ಅಂಚಿನಿಂದ ನಡುವಿನ ಹತ್ತಿರದವರೆಗಷ್ಟೇ ಓಡಿಸಿ ಹಿಂದಕ್ಕೆ ತನ್ನಿ, ಇನ್ನೊಂದು ಕೈಯಲ್ಲಿ ಹಾಳೆ ತಿರುಗಿಸುತ್ತಿರಿ. ನಡು ದಪ್ಪ, ಅಂಚು ತೆಳ್ಳಗೆ, 8 ಸೆಂ.ಮೀ. ಅಗಲ. ಮಡಚಿದಾಗ ಅಂಚು ಎರಡು ಪದರವಾಗುತ್ತದಲ್ಲ, ಅದಕ್ಕೇ ನಿಮ್ಮದು ಹಸಿಯಾಗಿ ಉಳಿಯುವುದು. ಹೂರಣ ಎರಡು ಟೀ ಚಮಚ ಸಾಕು. ಅಂಚಿಗೆ ಎಣ್ಣೆ ತಾಗಿದರೆ ಎಷ್ಟು ಒತ್ತಿದರೂ ಕೂಡಿಕೊಳ್ಳದು. ಒಳಗಿನ ಗಾಳಿ ಹೊರಗೆ ಹೋಗುವಂತೆ ಹೂರಣದ ಬದಿಯಿಂದ ಒತ್ತುತ್ತ ಬನ್ನಿ.

ಬೇಯಿಸುವಾಗ ಕುದಿ ಉಕ್ಕಿದಾಗಲೆಲ್ಲ ಅರ್ಧ ಲೋಟ ತಣ್ಣೀರು ಹಾಕಿ, ಹೀಗೆ ಮೂರು ಸಲ. ಕುದಿತದ ರಭಸಕ್ಕೆ ಸಿಪ್ಪೆ ಹರಿಯುವುದಿಲ್ಲ, ಒಳಗೂ ಬೇಯುತ್ತದೆ. ಮಾಂಸದ ಹೂರಣವಾದರೆ ಒಂದನ್ನು ಸೀಳಿ ನೋಡಿ. ಥರ್ಮಾಮೀಟರ್ ಇದ್ದರೆ ನಡುವೆ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು.

ಪ್ರಶ್ನೆ: ಮಕ್ಕಳಿಗೆ ಯಾವ ಕೆಲಸ ಕೊಡಬಹುದು?

ಉತ್ತರ: ಉಂಡೆ ಒತ್ತುವುದು, ಅರ್ಧಚಂದ್ರದ ಹಾಗೆ ಮಡಚುವುದು. ನೆರಿಗೆ ಹಿಡಿಯಲು ಒತ್ತಾಯಿಸಬೇಡಿ, ಬಾಯಿ ಮುಚ್ಚಿದ್ದರೆ ಸಾಕು. ಕೆಲಸ ನಿಲ್ಲುವುದು ಲಟ್ಟಿಸುವಲ್ಲಿ, ಹಾಗಾಗಿ ಕೈ ಪಳಗಿದವರನ್ನು ಅಲ್ಲಿ ಕೂರಿಸಿ. ಹಾಳೆಗಳನ್ನು ಗುಡ್ಡೆ ಹಾಕಬೇಡಿ, ಅಂಟುತ್ತವೆ. ಹಸಿ ಹಿಟ್ಟು, ಹಸಿ ಮಾಂಸದ ಹೂರಣದ ರುಚಿ ನೋಡಲು ಬಿಡಬೇಡಿ. ಉಪ್ಪು-ಖಾರ ನೋಡಬೇಕಿದ್ದರೆ ಒಂದು ಚೂರು ಹುರಿದು ಕೊಡಿ.

ಪ್ರಶ್ನೆ: ಮಿಕ್ಕ ಡಂಪ್ಲಿಂಗ್ ಎತ್ತಿಡುವುದು ಹೇಗೆ?

ಉತ್ತರ: ಬೇಯಿಸದೆ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಜೋಡಿಸಿ ಫ್ರೀಜರ್‌ನಲ್ಲಿ ಕಲ್ಲಾಗುವವರೆಗೆ ಇಟ್ಟು, ಆಮೇಲೆ ಚೀಲಕ್ಕೆ ತುಂಬಿ. ಕರಗಲು ಬಿಡದೆ ನೇರವಾಗಿ ಕುದಿನೀರಿಗೆ ಹಾಕಿ, ಎರಡು-ಮೂರು ನಿಮಿಷ ಹೆಚ್ಚಿಗೆ ಬೇಯಿಸಿ.