ಪಶ್ಚಿಮ ಸಹಾರಾದಲ್ಲಿ ಜನಮತಗಣನೆ ಇಂದಿಗೂ ಯಾಕೆ ನಡೆದಿಲ್ಲ? ಆ ಜನರ ಹಕ್ಕಿಗೆ ಈಗ ಬೆಲೆ ಇದೆಯೆ?

ನೀವು ಕೇಳಿರುವುದು ಇಷ್ಟು: ವಾಯವ್ಯ ಆಫ್ರಿಕಾದ ಪಶ್ಚಿಮ ಸಹಾರಾದ ಜನರಿಗೆ ಸ್ವಯಂ ನಿರ್ಣಯದ ಹಕ್ಕಿದೆ ಎಂದು ವಿಶ್ವಸಂಸ್ಥೆ ಒಪ್ಪುತ್ತದೆ, 1991ರಲ್ಲಿ ಜನಮತಗಣನೆಯ ಮಾತನ್ನೂ ಕೊಟ್ಟಿತ್ತು, ಹಾಗಿದ್ದೂ ಅದು ಯಾಕೆ ನಡೆಯಲಿಲ್ಲ? ನೇರ ಉತ್ತರ: ಮತಗಟ್ಟೆಯವರೆಗೆ ಹೋಗುವ ಮೊದಲೇ ಅದು ಮತದಾರರ ಪಟ್ಟಿಯಲ್ಲಿ ಸಿಕ್ಕಿಹಾಕಿಕೊಂಡಿತು. ಅಲ್ಲಿಂದ ಬಿಡಿಸುವ ಅಧಿಕಾರವನ್ನು ಯಾರಿಗೂ ಕೊಟ್ಟಿರಲಿಲ್ಲ.

ಮೊದಲು ಹಕ್ಕು ಎಲ್ಲಿಂದ ಬಂತು ಎಂಬುದು. ಸ್ಪೇನಿನ ವಸಾಹತಾಗಿದ್ದ ಈ ನಾಡನ್ನು ವಿಶ್ವಸಂಸ್ಥೆ 1963ರಲ್ಲಿ ಸ್ವಯಮಾಡಳಿತವಿಲ್ಲದ ಪ್ರದೇಶಗಳ ಪಟ್ಟಿಗೆ ಸೇರಿಸಿತು. ಅದು ಇಂದಿಗೂ ಆ ಪಟ್ಟಿಯಲ್ಲಿದೆ. (ನಮ್ಮ ಪಕ್ಕದ ಗೋವಾವನ್ನೂ ಪೋರ್ಚುಗಲ್ ಆಳ್ವಿಕೆಯ ಇಂಥದೇ ಪ್ರದೇಶ ಎಂದು 1960ರ ಡಿಸೆಂಬರ್‌ನಲ್ಲಿ ಮಹಾಸಭೆ ಹೆಸರಿಸಿತ್ತು.) ಮಹಾಸಭೆಯ 1960ರ 1514 ಮತ್ತು 1541ನೇ ನಿರ್ಣಯಗಳ ಪ್ರಕಾರ ಇಂಥ ಜನರ ಮುಂದೆ ಮೂರು ದಾರಿಗಳಿವೆ: ಸ್ವಾತಂತ್ರ್ಯ, ಇನ್ನೊಂದು ದೇಶದೊಡನೆ ಸ್ವಇಚ್ಛೆಯ ಸಹಯೋಗ, ಇಲ್ಲವೆ ಪೂರ್ಣ ವಿಲೀನ. ಯಾವುದಾದರೂ ಆಗಬಹುದು, ಆದರೆ ಆರಿಸಬೇಕಾದವರು ಆ ಜನರೇ. 1975ರ ಅಕ್ಟೋಬರ್ 16ರಂದು ಅಂತರರಾಷ್ಟ್ರೀಯ ನ್ಯಾಯಾಲಯವೂ ಹೀಗೇ ಹೇಳಿತು: ಕೆಲವು ಪಂಗಡಗಳಿಗೆ ಮೊರಾಕ್ಕೊ ಸುಲ್ತಾನನ ಮೇಲೆ ನಿಷ್ಠೆ ಇದ್ದದ್ದು ನಿಜ, ಆದರೆ ನೆಲದ ಮೇಲಿನ ಸಾರ್ವಭೌಮತ್ವ ಎನ್ನುವಂಥ ಸಂಬಂಧ ಇರಲಿಲ್ಲ, ಆದ್ದರಿಂದ ಸ್ವಯಂ ನಿರ್ಣಯಕ್ಕೆ ಅಡ್ಡಿಯಿಲ್ಲ.

ಮೂರು ವಾರದೊಳಗೆ, ನವೆಂಬರ್ 6ರಂದು, ಮೊರಾಕ್ಕೊ ಸುಮಾರು 3,50,000 ನಾಗರಿಕರ ‘ಹಸಿರು ಮೆರವಣಿಗೆ’ಯನ್ನು ಗಡಿ ದಾಟಿಸಿತು. ನವೆಂಬರ್ 14ರ ಮ್ಯಾಡ್ರಿಡ್ ಒಪ್ಪಂದದಲ್ಲಿ ಸ್ಪೇನ್ ಆಡಳಿತವನ್ನು ಮೊರಾಕ್ಕೊ ಮತ್ತು ಮಾರಿಟೇನಿಯಾಗಳ ಜೊತೆ ಹಂಚಿಕೊಂಡು, 1976ರ ಫೆಬ್ರವರಿಯಲ್ಲಿ ಜಾಗ ಖಾಲಿ ಮಾಡಿತು. ಈ ನಾಡಿನ ಜನರಾದ ಸಹರಾವಿಗಳ ಪೊಲಿಸಾರಿಯೊ ಸಂಘಟನೆ ಗಣರಾಜ್ಯ ಘೋಷಿಸಿ ಯುದ್ಧಕ್ಕಿಳಿಯಿತು. ಮಾರಿಟೇನಿಯಾ 1979ರಲ್ಲಿ ಕೈತೊಳೆದುಕೊಂಡಿತು. ಮೊರಾಕ್ಕೊ 1980ರ ದಶಕದಲ್ಲಿ ಸುಮಾರು 2,700 ಕಿಲೋಮೀಟರ್ ಉದ್ದದ ಮರಳು-ಕಲ್ಲಿನ ಗೋಡೆ ಕಟ್ಟಿ, ಸುತ್ತ ನೆಲಬಾಂಬ್ ಹೂತು, ಬು ಕ್ರಾದ ಫಾಸ್ಫೇಟ್ ಗಣಿ ಮತ್ತು ಕರಾವಳಿಯ ಮುಖ್ಯ ಪಟ್ಟಣಗಳನ್ನು ತನ್ನ ಕಡೆ ಇಟ್ಟುಕೊಂಡಿತು. ಓಡಿಹೋದವರು ಅಲ್ಜೀರಿಯಾದ ಟಿಂಡೂಫ್ ಬಳಿಯ ಶಿಬಿರಗಳಲ್ಲಿ ಈಗಲೂ ಇದ್ದಾರೆ; ಅಲ್ಲೇ ಹುಟ್ಟಿದವರಿಗೆ ಮೊಮ್ಮಕ್ಕಳಾಗುವ ಕಾಲ ಬಂದಿದೆ.

1991ರ ಸೆಪ್ಟೆಂಬರ್ 6ರಂದು ಕದನ ವಿರಾಮವಾಯಿತು. ಜನಮತಗಣನೆ ನಡೆಸಲು ಮಿನುರ್ಸೊ ಎಂಬ ವಿಶ್ವಸಂಸ್ಥೆಯ ತಂಡ ಬಂತು. 1992ರ ಜನವರಿಯಲ್ಲಿ ಮತದಾನ ಆಗಬೇಕಿತ್ತು, ಎರಡೇ ಆಯ್ಕೆ: ಸ್ವಾತಂತ್ರ್ಯ ಅಥವಾ ಮೊರಾಕ್ಕೊ ಜೊತೆ ವಿಲೀನ. ಮತದಾರರ ಪಟ್ಟಿಗೆ ಆಧಾರವಾಗಿ 1974ರ ಸ್ಪೇನ್ ಜನಗಣತಿ ಇತ್ತು; ಅದರಲ್ಲಿ ಸುಮಾರು 74,000 ಸಹರಾವಿಗಳ ಲೆಕ್ಕ ಸಿಕ್ಕಿತ್ತು. ಪೊಲಿಸಾರಿಯೊ ಅಷ್ಟಕ್ಕೇ ನಿಲ್ಲಿಸಿ ಎಂದಿತು. ಮೊರಾಕ್ಕೊ ಇನ್ನೂ 1,20,000 ಹೆಸರು ತಂದಿತು. ಇವರೆಲ್ಲ ಗಣತಿಗೆ ಮೊದಲೇ ಉತ್ತರಕ್ಕೆ ವಲಸೆ ಹೋದವರು ಎಂಬುದು ಅದರ ವಾದ.

ಆಗ ಅರ್ಹತೆಗೆ ಐದು ಮಾನದಂಡಗಳಾದವು: ಗಣತಿಯಲ್ಲಿ ಹೆಸರಿದ್ದವರು, ಆಗ ಅಲ್ಲೇ ಇದ್ದೂ ಎಣಿಕೆಗೆ ಸಿಗದವರು, ಈ ಇಬ್ಬರ ತಂದೆತಾಯಿ ಮತ್ತು ಮಕ್ಕಳು, ಆ ನೆಲದಲ್ಲೇ ಹುಟ್ಟಿದ ಸಹರಾವಿ ತಂದೆಯ ಮಕ್ಕಳು, ಮತ್ತು 1974ರ ಡಿಸೆಂಬರ್ 1ಕ್ಕೆ ಮೊದಲು ಸತತ 6 ವರ್ಷ ಅಥವಾ ಬಿಟ್ಟು ಬಿಟ್ಟು 12 ವರ್ಷ ಅಲ್ಲಿ ವಾಸವಿದ್ದ ಅಲ್ಲಿನ ಪಂಗಡದವರು. ಗಂಟು ಬಿದ್ದದ್ದು ಕೊನೆಯ ಎರಡರಲ್ಲಿ. ಒಂಟೆ, ಮೇಕೆ ಹೊಡೆದುಕೊಂಡು ಮಳೆ ಬಿದ್ದ ಕಡೆ ಹೋಗುವ ಅಲೆಮಾರಿ 1960ರಲ್ಲಿ ಗಡಿಯ ಯಾವ ಬದಿಯಲ್ಲಿದ್ದ ಎನ್ನುವುದಕ್ಕೆ ಕಾಗದ ಎಲ್ಲಿಂದ ಬರಬೇಕು? ಹಾಗಾಗಿ ಬಾಯಿ ಸಾಕ್ಷಿಯನ್ನು ಒಪ್ಪಿದರು. ಅರ್ಜಿದಾರನ ಉಪಪಂಗಡದ ಇಬ್ಬರು ಶೇಖ್‌ಗಳು (ಪಂಗಡದ ಮುಖಂಡರು), ಎರಡೂ ಪಕ್ಷಗಳಿಂದ ಒಬ್ಬೊಬ್ಬರು, ಎದುರಿಗೆ ಕೂತು ಇವನು ನಮ್ಮವನು ಅಥವಾ ಅಲ್ಲ ಎನ್ನಬೇಕು. ಇದರ ಫಲ ಊಹಿಸಬಹುದು: ಒಬ್ಬ ಹೌದೆಂದರೆ ಇನ್ನೊಬ್ಬ ಅಲ್ಲವೆನ್ನುವುದು, ಒಂದು ಕಡೆಯ ಶೇಖ್ ಬಾರದಿದ್ದರೆ ಕೆಲಸವೇ ನಿಲ್ಲುವುದು. 1994ರ ಆಗಸ್ಟ್‌ನಲ್ಲಿ ಶುರುವಾದ ಗುರುತು ಪತ್ತೆ 1996ರ ಮೇ ತಿಂಗಳಲ್ಲಿ ನಿಂತಿತು. ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ 1997ರಲ್ಲಿ ಹ್ಯೂಸ್ಟನ್ ಒಪ್ಪಂದ ಮಾಡಿಸಿದ ಮೇಲೆ ಮತ್ತೆ ಹೊರಟಿತು.

1999ರ ಕೊನೆಗೆ ಕೆಲಸ ಮುಗಿಯಿತು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಪಟ್ಟಿ ಮಾಡಲು ಸಾಧ್ಯವೇ ಆಗಲಿಲ್ಲ ಎಂದು ಬರೆಯುವವರು ಬಹಳ ಮಂದಿ. 1,98,469 ಅರ್ಜಿದಾರರಲ್ಲಿ 86,386 ಮಂದಿ ಅರ್ಹರು ಎಂದು ತೀರ್ಮಾನವಾಯಿತು. ತಿರಸ್ಕೃತರಾದವರಿಂದ 1,30,000ಕ್ಕೂ ಹೆಚ್ಚು ಮೇಲ್ಮನವಿಗಳು ಬಂದವು, ಹೆಚ್ಚಿನವು ಮೊರಾಕ್ಕೊ ಕಡೆಯವು. ಪ್ರತಿಯೊಂದನ್ನೂ ಹೊಸದಾಗಿ ವಿಚಾರಿಸುವುದೆಂದರೆ ಮತ್ತಷ್ಟು ವರ್ಷ. ಭದ್ರತಾ ಮಂಡಳಿ ಅಲ್ಲಿಗೆ ಉತ್ಸಾಹ ಕಳೆದುಕೊಂಡಿತು. ಕಡತಗಳು ಜಿನೀವಾಕ್ಕೆ ಹೋದವು.

ಇಂಡೋನೇಷ್ಯಾದ ಹಿಡಿತದಲ್ಲಿದ್ದ ಪೂರ್ವ ಟಿಮೋರ್ ಜೊತೆ ಹೋಲಿಸಿದರೆ ದೋಷ ಸ್ಪಷ್ಟವಾಗುತ್ತದೆ. ಅಲ್ಲಿ ಅರ್ಹತೆ ಸರಳ: ಅಲ್ಲಿ ಹುಟ್ಟಿದವರು, ತಂದೆ ಅಥವಾ ತಾಯಿ ಅಲ್ಲಿ ಹುಟ್ಟಿದವರು, ಇವರ ಗಂಡ ಅಥವಾ ಹೆಂಡತಿ. 1999ರ ಮೇ 5ರಂದು ಒಪ್ಪಂದ, ಆಗಸ್ಟ್ 30ಕ್ಕೆ ಮತದಾನ, ಸ್ವಾತಂತ್ರ್ಯಕ್ಕೆ 78.5%. ಆದರೆ ನಿಯಮ ಸರಳವಿದ್ದದ್ದಷ್ಟೇ ಕಾರಣವಲ್ಲ. ಹಣಕಾಸು ಕುಸಿತದಲ್ಲಿದ್ದ ಇಂಡೋನೇಷ್ಯಾ ತಾನೇ ಮತದಾನಕ್ಕೆ ಒಪ್ಪಿತ್ತು. ಫಲಿತಾಂಶದ ನಂತರ ಸೇನೆಯ ಬೆಂಬಲದ ಗುಂಪುಗಳು ಊರುಗಳನ್ನು ಸುಟ್ಟಾಗ ಆಸ್ಟ್ರೇಲಿಯಾ ನೇತೃತ್ವದ ಪಡೆ ಬಂದಿಳಿಯಿತು. ಮಿನುರ್ಸೊ ಹಿಂದೆ ಅಂಥ ಬಲ ಇರಲಿಲ್ಲ. ಎರಡೂ ಪಕ್ಷಗಳ ಒಪ್ಪಿಗೆಯ ಮೇಲೆ ನಡೆಯುವ ವ್ಯವಸ್ಥೆಯಲ್ಲಿ, ನೆಲ ಕೈಯಲ್ಲಿರುವವನಿಗೆ ಪ್ರತಿ ಹೆಜ್ಜೆಗೂ ತಡೆಯೊಡ್ಡುವ ಅವಕಾಶ ಸಿಗುತ್ತದೆ, ತಡವಾದಷ್ಟೂ ಅವನಿಗೇ ಲಾಭ. ಬೇಕರ್ 2003ರಲ್ಲಿ, ಕೆಲವು ವರ್ಷ ಸ್ವಾಯತ್ತತೆ, ಬಳಿಕ ಮತದಾನ, 1999ರಿಂದ ಅಲ್ಲಿ ನೆಲೆಸಿದ ಮೊರಾಕ್ಕೊದವರಿಗೂ ಮತ ಎಂಬ ಯೋಜನೆ ಮುಂದಿಟ್ಟರು. ಪೊಲಿಸಾರಿಯೊ ಒಪ್ಪಿತು, ಮೊರಾಕ್ಕೊ ಒಲ್ಲೆ ಎಂದಿತು. ಸ್ವಾತಂತ್ರ್ಯ ಎಂಬ ಆಯ್ಕೆ ಕಾಗದದ ಮೇಲೂ ಇರಬಾರದು ಎನ್ನುವ ಮೊರಾಕ್ಕೊದ ನಿಲುವು ಆಗ ಬಯಲಾಯಿತು.

ಹಕ್ಕಿಗೆ ಬೆಲೆ ಇದೆಯೆ ಎಂದರೆ, ಈಗ ಅದು ಹೆಚ್ಚಾಗಿ ಕಾಣುವುದು ನ್ಯಾಯಾಲಯಗಳಲ್ಲಿ. ಮ್ಯಾಡ್ರಿಡ್ ಒಪ್ಪಂದದಿಂದ ಸಾರ್ವಭೌಮತ್ವ ವರ್ಗಾವಣೆಯಾಗಿಲ್ಲ ಎಂದು ವಿಶ್ವಸಂಸ್ಥೆಯ ಕಾನೂನು ಸಲಹೆಗಾರ ಹಾನ್ಸ್ ಕೊರೆಲ್ 2002ರಲ್ಲೇ ಬರೆದರು. 2024ರ ಅಕ್ಟೋಬರ್ 4ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಪಶ್ಚಿಮ ಸಹಾರಾದ ಜನರ ಸಮ್ಮತಿಯಿಲ್ಲದ ಕಾರಣಕ್ಕೆ ಮೊರಾಕ್ಕೊ ಜೊತೆಗಿನ ಮೀನುಗಾರಿಕೆ ಮತ್ತು ಕೃಷಿ ವ್ಯಾಪಾರ ಒಪ್ಪಂದಗಳ ವಿರುದ್ಧ ತೀರ್ಪು ಕೊಟ್ಟಿತು. ಅಲ್ಲಿ ವಾಸವಿರುವ ನಿವಾಸಿಗಳು ಬೇರೆ, ಸ್ವಯಂ ನಿರ್ಣಯದ ಹಕ್ಕುಳ್ಳ ಜನರು ಬೇರೆ ಎಂದೂ ಬಿಡಿಸಿ ಹೇಳಿತು. ಸರ್ಕಾರಗಳ ಹಾದಿ ಇನ್ನೊಂದು ಕಡೆ: ಸಹರಾವಿ ಗಣರಾಜ್ಯವನ್ನು 1985ರಲ್ಲಿ ಮಾನ್ಯ ಮಾಡಿದ್ದ ಭಾರತ 2000ದಲ್ಲಿ ಆ ಮಾನ್ಯತೆ ಹಿಂತೆಗೆದುಕೊಂಡಿತು, ಅಮೆರಿಕ 2020ರ ಡಿಸೆಂಬರ್‌ನಲ್ಲಿ ಮೊರಾಕ್ಕೊದ ಸಾರ್ವಭೌಮತ್ವ ಒಪ್ಪಿತು.

2025ರ ಅಕ್ಟೋಬರ್ 31ರ ಭದ್ರತಾ ಮಂಡಳಿಯ 2797ನೇ ನಿರ್ಣಯ, ಮೊರಾಕ್ಕೊ 2007ರಲ್ಲಿ ಕೊಟ್ಟ ಸ್ವಾಯತ್ತತಾ ಪ್ರಸ್ತಾವವನ್ನು ಮಾತುಕತೆಗೆ ಆಧಾರ ಮಾಡಿಕೊಂಡಿದೆ. ಅದನ್ನು ಓದುವಾಗ ಮೂರು ವಿಷಯ ಹುಡುಕಿ: ಸ್ವಾತಂತ್ರ್ಯ ಒಂದು ಆಯ್ಕೆಯೆ, ಮತ ಯಾರಿಗೆ, ಫಲಿತಾಂಶವನ್ನು ಜಾರಿ ಮಾಡುವವರು ಯಾರು. ಆ ಪ್ರಸ್ತಾವದಲ್ಲೂ ಜನಮತಗಣನೆ ಇದೆ, ಆದರೆ ಅದು ಸ್ವಾಯತ್ತತೆಯ ಕರಡಿನ ಮೇಲೆ ಮಾತ್ರ. ಮತ ಹಾಕುವವರನ್ನು ‘ಸಂಬಂಧಪಟ್ಟ ಜನಸಮುದಾಯಗಳು’ ಎಂದಷ್ಟೇ ಕರೆದಿದೆ. ಅವರು ಯಾರೆಂದು ತೀರ್ಮಾನಿಸುವ ಮಾನದಂಡ ಅದರಲ್ಲಿ ಒಂದೂ ಇಲ್ಲ.