ಜಾತ್ಯತೀತ ಸರ್ಕಾರಕ್ಕೆ ಗುಡಿಯಲ್ಲೇನು ಕೆಲಸ?

ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಹುಂಡಿ ಎಣಿಸಲು ಅಧಿಕಾರಿಗಳು ಕೂರುವುದು ಜಾತ್ಯತೀತತೆಗೆ ವಿರುದ್ಧವಲ್ಲವೇ ಎಂದು ಕೇಳಿದ್ದೀರಿ. ಸಂವಿಧಾನದ 25ನೆಯ ವಿಧಿಯು ಧರ್ಮಾಚರಣೆಯ ಸ್ವಾತಂತ್ರ್ಯವನ್ನು ಕೊಡುತ್ತಲೇ, ಅದರೊಂದಿಗೆ ಬೆರೆತಿರುವ ಹಣಕಾಸಿನಂಥ ಲೌಕಿಕ ವ್ಯವಹಾರಗಳನ್ನು ಕಾನೂನಿನ ಮೂಲಕ ನಿಯಂತ್ರಿಸಲು ಸರ್ಕಾರಕ್ಕೆ ಅವಕಾಶವಿಟ್ಟಿದೆ. ಕಾಣಿಕೆಯ ಎಣಿಕೆ ಅದರೊಳಗೆ ಬರುತ್ತದೆ, ಅಮ್ಮನಿಗೆ ಯಾವ ಪೂಜೆ ಹೇಗೆ ಸಲ್ಲಬೇಕೆಂಬುದು ಬರುವುದಿಲ್ಲ. ಧರ್ಮದ ಅವಶ್ಯಕ ಅಂಗ ಯಾವುದೆಂಬುದನ್ನು ಮುಖ್ಯವಾಗಿ ಆ ಧರ್ಮದ ತತ್ವಗಳಿಂದಲೇ ತಿಳಿಯಬೇಕೆಂದು ಸುಪ್ರೀಂ ಕೋರ್ಟ್ 1954ರಲ್ಲಿ, ಶಿರೂರು ಮಠದ ಪ್ರಕರಣದಲ್ಲಿ ಹೇಳಿತು.

ಅದೇ ವಿಧಿ ಸಮಾಜ ಸುಧಾರಣೆಗೂ ದಾರಿ ಬಿಟ್ಟಿದೆ, ಬೆಳಗಾವಿ ಸೀಮೆಯವರಾದ ನಾವು ಇದನ್ನು ಮರೆಯಲೇಬಾರದು. ಇದೇ ಗುಡ್ಡದಲ್ಲಿ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡುತ್ತಿದ್ದಾಗ ಸರ್ಕಾರ ದೂರ ನಿಂತು ನೋಡಿದ್ದರೆ ಅದನ್ನು ನಾನು ಜಾತ್ಯತೀತತೆ ಎನ್ನಲಾರೆ. ಬ್ರಿಟಿಷರ ಕಾಲದ 1934ರ ಮುಂಬಯಿ ಕಾಯ್ದೆಯ ಬಳಿಕ ಬಂದ 1982ರ ಕರ್ನಾಟಕ ಕಾಯ್ದೆಯು ಮುತ್ತು ಕಟ್ಟಿದವರಿಗಷ್ಟೇ ಅಲ್ಲ, ಕಟ್ಟಿಸಿದ ತಂದೆತಾಯಿಗೂ ಶಿಕ್ಷೆಯನ್ನು ಗೊತ್ತುಮಾಡಿತು.