ಮೊದಲ ಡ್ರಾಫ್ಟ್ ಮುಗಿದ ಕೂಡಲೇ ಡೈಲಾಗ್ ತಿದ್ದಬೇಡಿ

ಚಿತ್ರಕಥೆ ಬರೆಯುವ ಓದುಗರ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸುತ್ತಿದ್ದೇನೆ. ಮೈಸೂರು, ಮಂಡ್ಯ ಕಡೆಯಿಂದ ಬರುವ ಹೊಸಬರ ಡ್ರಾಫ್ಟ್‌ಗಳನ್ನು ಓದುವುದು ನನ್ನ ಕೆಲಸ. ಬಹುತೇಕ ಎಲ್ಲರೂ ತಿದ್ದುವಾಗ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಹೇಳಿದ್ದನ್ನೇ ಮತ್ತೆ ಹೇಳಬೇಕಾಗಿ ಬಂದಿದೆ. ಸೀನ್ ಹೆಡಿಂಗ್ ಹೇಗೆ ಹಾಕುವುದು, ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂಬ ಪ್ರಶ್ನೆಗಳನ್ನು ಬಿಟ್ಟಿದ್ದೇನೆ. ಪೂರ್ತಿ ಡ್ರಾಫ್ಟ್ ಮುಗಿಸಿದವರಿಗೆ ಅದು ಗೊತ್ತಿರಬೇಕು.

ಪ್ರಶ್ನೆ: ನನ್ನ ಮೊದಲ ಚಿತ್ರಕಥೆ ಮುಗಿದಿದೆ. 174 ಪುಟ, 112 ಸೀನ್. ಅಪ್ಪ ತೀರಿಕೊಂಡ ಮೇಲೆ ಅಣ್ಣ ತಮ್ಮ ಜಮೀನು ಪಾಲು ಮಾಡಿಕೊಳ್ಳುವ ಕಥೆ. ನಾಲ್ಕು ತಿಂಗಳಿಂದ ಸಂಭಾಷಣೆ ತಿದ್ದುತ್ತಿದ್ದೇನೆ. ಆದರೂ ಓದಿದವರೆಲ್ಲ ‘ಎಳೀತು’ ಅಂತಾರೆ. ಯಾವ ಡೈಲಾಗ್ ತೆಗೆಯಲಿ? ಸಾರಾಂಶ ಮತ್ತು ಕೆಲವು ಸೀನ್ ಕಳಿಸಿದ್ದೇನೆ.
— ಪಾಂಡವಪುರದ ಓದುಗರು

ಯಾವ ಡೈಲಾಗನ್ನೂ ತೆಗೆಯಬೇಡಿ. ಮೊದಲು ಡೈಲಾಗ್ ತಿದ್ದುವುದನ್ನೇ ನಿಲ್ಲಿಸಿ. ನಾಲ್ಕು ತಿಂಗಳು ತಿದ್ದಿದ ಮಾತನ್ನು ಕಿತ್ತು ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಆ ಮಾತು ಉಳಿಯಲಿ ಅಂತ ಸೀನ್ ಉಳಿಸುತ್ತೀರಿ. ಬೇಡದ ಸೀನ್ ಉಳಿದರೆ ಕಥೆ ಎಳೆಯುತ್ತದೆ. ನಿಮಗೆ ಆಗಿರುವುದು ಇದೇ.

ಎರಡು ಮೂರು ವಾರ ಸ್ಕ್ರಿಪ್ಟ್ ಮುಟ್ಟಬೇಡಿ. ಆಮೇಲೆ ಪ್ರಿಂಟ್ ತೆಗೆದು ಒಂದೇ ಸಲಕ್ಕೆ ಕೂತು ಓದಿ. ಮೊಬೈಲಿನಲ್ಲಿ ಬೇಡ, ಅಲ್ಲಿ ಬೆರಳು ಸುಮ್ನೆ ಮುಂದೆ ಓಡುತ್ತದೆ. ಕೈಯಲ್ಲಿ ಪೆನ್ನು ಇದ್ದರೂ ಅಕ್ಷರ ತಿದ್ದಬೇಡಿ. ಎಲ್ಲಿ ಮನಸ್ಸು ಬೇರೆ ಕಡೆ ಹೋಯಿತೋ ಅಲ್ಲಿ ಒಂದು ಗೆರೆ ಎಳೆದು ಮುಂದೆ ಹೋಗಿ.

ಅದಾದ ಮೇಲೆ ಹೊಸದಾಗಿ ಒನ್‌ಲೈನ್, ಅಂದರೆ ಸೀನಿಗೊಂದು ಸಾಲಿನ ಪಟ್ಟಿ, ಬರೆಯಿರಿ. ಡ್ರಾಫ್ಟ್‌ಗೆ ಮೊದಲು ಮಾಡಿಕೊಂಡ ಒನ್‌ಲೈನ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದರಲ್ಲಿ ಇರುವುದು ನೀವು ಬರೆಯಬೇಕು ಅಂದುಕೊಂಡಿದ್ದು. ಈಗ ಬೇಕಿರುವುದು ಹಾಳೆಯ ಮೇಲೆ ನಿಜವಾಗಿ ಏನಿದೆ ಎಂಬುದು. ಪ್ರತಿ ಸೀನಿಗೆ ಒಂದು ಸಾಲು: ಏನು ನಡೆಯಿತು. ಪಕ್ಕದಲ್ಲಿ ಇನ್ನೊಂದು ಸಾಲು: ಸೀನ್ ಮುಗಿದಾಗ ಯಾರ ಪರಿಸ್ಥಿತಿ ಬದಲಾಯಿತು. ಎರಡನೇ ಸಾಲು ಖಾಲಿ ಬಿದ್ದರೆ ಆ ಸೀನ್ ಹೋಗಬೇಕು, ಇಲ್ಲವೇ ಪಕ್ಕದ ಸೀನಿನೊಳಗೆ ಸೇರಬೇಕು. ‘ಊರಿನ ವಾತಾವರಣ ತೋರಿಸೋಕೆ’ ಅಂತ ಆ ಜಾಗ ತುಂಬಬೇಡಿ. ವಾತಾವರಣ ತೋರಿಸಲು ಪ್ರತ್ಯೇಕ ಸೀನ್ ಬೇಕಾಗಿಲ್ಲ, ಕಥೆ ನಡೆಯುವಾಗಲೇ ಅದು ಕಾಣಬೇಕು.

ನೀವು ಕಳಿಸಿದ್ದನ್ನೇ ನೋಡಿ. ಅಣ್ಣ ಕಬ್ಬನ್ನು ಗುಟ್ಟಾಗಿ ಆಲೆಮನೆಗೆ ಹೊಡೆಸಿದ ಸುದ್ದಿ ಮೂರು ಸಲ ಬರುತ್ತದೆ. ಟೀ ಅಂಗಡಿಯಲ್ಲಿ ಪಕ್ಕದ ಹೊಲದವನು ತಮ್ಮನಿಗೆ ಹೇಳುತ್ತಾನೆ. ಮನೆಗೆ ಬಂದು ತಮ್ಮ ಹೆಂಡತಿಗೆ ಹೇಳುತ್ತಾನೆ. ಮಾರನೇ ದಿನ ಆಲೆಮನೆಯಲ್ಲಿ ಅಣ್ಣನ ಮುಂದೆ ಅದನ್ನೇ ಕೂಗಾಡುತ್ತಾನೆ. ಪ್ರೇಕ್ಷಕನಿಗೆ ಮೊದಲ ಸಲವೇ ಗೊತ್ತಾಗಿದೆ. ಮೊದಲ ಎರಡು ಸೀನ್ ತೆಗೆಯಿರಿ. ತಮ್ಮ ನೇರವಾಗಿ ಆಲೆಮನೆಗೆ ಬರಲಿ, ಗಾಣದ ಪಕ್ಕ ತಮ್ಮದೇ ಹೊಲದ ಕಬ್ಬು ಬಿದ್ದಿರುವುದನ್ನು ನೋಡಲಿ.

ಆ ಆಲೆಮನೆಯನ್ನು ನೀವು ಬರೀ ಹಿನ್ನೆಲೆಯಾಗಿ ಬಳಸಿದ್ದೀರಿ. ಅದು ನನಗೆ ನಿಜಕ್ಕೂ ಬೇಸರ ತಂದಿತು. ಕಬ್ಬಿನ ಹಾಲು ಕುದಿದು ಪಾಕ ಹದಕ್ಕೆ ಬಂದ ಕೂಡಲೇ ಕೊಪ್ಪರಿಗೆಯನ್ನು ಒಲೆಯಿಂದ ಇಳಿಸಬೇಕು. ಸ್ವಲ್ಪ ತಡವಾದರೂ ಬೆಲ್ಲ ಸೀದುಹೋಗುತ್ತದೆ. ಅದನ್ನು ಇಳಿಸುವುದು ಒಬ್ಬನ ಕೈಲಿ ಆಗುವ ಕೆಲಸ ಅಲ್ಲ. ಮಾತು ಬಿಟ್ಟಿರುವ ಅಣ್ಣ ತಮ್ಮ ಜಗಳದ ನಡುವೆಯೇ ಕೊಪ್ಪರಿಗೆಗೆ ಒಟ್ಟಿಗೆ ಕೈ ಹಾಕಬೇಕಾಗಿ ಬಂದರೆ? ಇಳಿಸದೆ ನಿಂತರೆ ಯಾರಿಗೆ ನಷ್ಟ? ಅಪ್ಪನ ಕಾಲದಲ್ಲಿ ಒಟ್ಟಿಗೆ ದುಡಿದವರಿಗೆ ಹದ ಯಾವಾಗ ಬಂತು ಅಂತ ಯಾರೂ ಹೇಳಬೇಕಾಗಿಲ್ಲ. ಈ ಸೀನ್ ಮಂಡ್ಯದವರು ಮಾತ್ರ ಬರೆಯಬಲ್ಲರು. ನೀವು ಅದನ್ನು ಬಿಟ್ಟು ಎರಡು ಪುಟ ಬೈಗುಳ ಬರೆದಿದ್ದೀರಿ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ತಮ್ಮನಿಗೆ ಏನು ಬೇಕು? ‘ನ್ಯಾಯ ಬೇಕು’ ಎಂದು ಬರೆದಿದ್ದೀರಿ. ನ್ಯಾಯವನ್ನು ಕ್ಯಾಮೆರಾ ತೋರಿಸಲಾರದು. 61ನೇ ಪುಟದಲ್ಲಿ ಒಬ್ಬ ಮುದುಕ ಒಂದೇ ಒಂದು ಸಾಲು ಹೇಳುತ್ತಾನೆ, ತೂಬಿನ ಹತ್ತಿರದ ಎಕರೆ ಬೇರೆ, ಕೊನೆ ಭಾಗದ ಎಕರೆ ಬೇರೆ ಅಂತ. ತೂಬು ಅಂದರೆ ನಾಲೆಯಿಂದ ಹೊಲಕ್ಕೆ ನೀರು ಬಿಡುವ ಬಾಯಿ. ನಿಮ್ಮ ಸಿನಿಮಾ ಅಲ್ಲೇ ಇದೆ! ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುತ್ತಾ, ನೀರು ಬಿಟ್ಟಾಗ ತೂಬಿನ ಹತ್ತಿರದವನ ಗದ್ದೆ ಮೊದಲು ತುಂಬುತ್ತದೆ. ಕೊನೆಯವನು ಕಾಯುತ್ತಾನೆ. ಎಕರೆಗೆ 40 ಗುಂಟೆ ಎಂದು ಸರಿಸಮ ಅಳೆದು ಕೊಟ್ಟರೂ ನೀರು ಸಮ ಆಗುವುದಿಲ್ಲ. ತಮ್ಮನಿಗೆ ಬೇಕಿರುವುದು ತೂಬಿನ ಪಕ್ಕದ ತುಂಡು. ಅದನ್ನು ಮೊದಲ ಹತ್ತು ನಿಮಿಷದಲ್ಲೇ ತನ್ನಿ. ಆಮೇಲೆ ಪ್ರತಿ ಸೀನಿಗೂ ಒಂದೇ ಪ್ರಶ್ನೆ ಕೇಳಿ: ಇದು ಅವನನ್ನು ಆ ತುಂಡಿನ ಹತ್ತಿರ ತಂತಾ, ದೂರ ಮಾಡಿತಾ? ಎರಡೂ ಅಲ್ಲ ಅನ್ನುವ ಸೀನ್‌ಗಳನ್ನು ಬೇರೆ ಫೈಲಿಗೆ ಹಾಕಿಡಿ. ಕಾಲೇಜಿನ ಪ್ರೇಮದ ಫ್ಲ್ಯಾಶ್‌ಬ್ಯಾಕ್ ಪೂರ್ತಿ ಅಲ್ಲಿಗೆ ಹೋಗುತ್ತದೆ. ಹೋಗಲಿ.

ಇಷ್ಟೆಲ್ಲ ಆದ ಮೇಲೆ ಡೈಲಾಗ್. ನಿಮ್ಮ ಡ್ರಾಫ್ಟಿನಲ್ಲಿ ತಮ್ಮ ಹೀಗೆ ಮಾತಾಡುತ್ತಾನೆ: “ಅಣ್ಣಯ್ಯ, ಅಪ್ಪ ಸತ್ತು ಆರು ತಿಂಗಳಾಯ್ತು, ನಮ್ಗಿರದು ನಾಲ್ಕೆಕರೆ, ನಿಂಗೆರಡು ನಂಗೆರಡು ಬರ್ಬೇಕು ಅಂತ ಊರ್ಗೆಲ್ಲ ಗೊತ್ತು.” ಊರಿಗೆಲ್ಲ ಗೊತ್ತಿರುವುದು ಅಣ್ಣನಿಗೆ ಗೊತ್ತಿಲ್ಲವೇ? ಇದನ್ನು ಅವನು ಅಣ್ಣನಿಗೆ ಹೇಳುತ್ತಿಲ್ಲ, ಪ್ರೇಕ್ಷಕನಿಗೆ ವರದಿ ಒಪ್ಪಿಸುತ್ತಿದ್ದಾನೆ. ಆಲೆಮನೆಯ ಸೀನ್ ಸರಿಯಾಗಿ ಕೂತರೆ ಇಷ್ಟು ಸಾಕು:

ತಮ್ಮ: ತೂಬಿನ್ ಕಡೇದು ಯಾರ್ಗೆ?
ಅಣ್ಣ: ಮೊದ್ಲು ಬೆಂಕಿ ನೋಡ್ಲಾ.

ಇಲ್ಲಿ ತಮ್ಮ ‘ಅಣ್ಣಯ್ಯ’ ಎನ್ನುವುದನ್ನು ಬಿಟ್ಟಿದ್ದಾನೆ. ಅಲ್ಲಿಯವರೆಗೆ ಪ್ರತಿ ಮಾತಿನಲ್ಲೂ ಅಂದಿದ್ದರೆ ಮಾತ್ರ ಇದು ಕೇಳಿಸುತ್ತದೆ. ಮಂಡ್ಯದ ಮಾತಿನ ಬಲ ಇರುವುದು ಇಂಥ ಕಡೆ. ಎಲ್ಲರ ಬಾಯಿಗೂ ‘ಕಣ್ಲಾ’ ತುರುಕಿದರೆ ಅದು ಮಂಡ್ಯ ಆಗುವುದಿಲ್ಲ. ನಿಮ್ಮ ಅಜ್ಜಿ, ಸೊಸೆ, ಬೆಂಗಳೂರಿನಲ್ಲಿ ಓದಿದ ಮಗ ಎಲ್ಲರೂ ಒಂದೇ ಥರ ಮಾತಾಡುತ್ತಿದ್ದಾರೆ. ಒಂದೊಂದು ಪಾತ್ರದ ಮಾತನ್ನು ಮಾತ್ರ ಮೊದಲಿನಿಂದ ಕೊನೆವರೆಗೆ ಓದಿಕೊಂಡು ಹೋಗಿ, ವ್ಯತ್ಯಾಸ ಇಲ್ಲದಿರುವುದು ನಿಮಗೇ ಕಾಣುತ್ತದೆ.

174 ಪುಟದ ಬಗ್ಗೆ ಗಾಬರಿ ಬೇಡ. ‘ಒಂದು ಪುಟ ಅಂದರೆ ಒಂದು ನಿಮಿಷ’ ಎಂಬ ಅಂದಾಜು ಬಂದಿದ್ದು ಇಂಗ್ಲಿಷ್ ಚಿತ್ರಕಥೆಯಿಂದ. ಅಲ್ಲಿ ಎಲ್ಲರೂ ಕೊರಿಯರ್ ಫಾಂಟ್, 12 ಪಾಯಿಂಟ್ ಬಳಸುತ್ತಾರೆ. ಆ ಫಾಂಟಿನಲ್ಲಿ ಕನ್ನಡ ಅಕ್ಷರವೇ ಇಲ್ಲ. ನಾವು ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳಾದ ‘ನುಡಿ’ಯಲ್ಲಿ ಒಂದು ಅಳತೆ, ‘ಬರಹ’ದಲ್ಲಿ ಇನ್ನೊಂದು ಅಳತೆ ಇಟ್ಟು ಟೈಪ್ ಮಾಡಿ ಪುಟ ಎಣಿಸಿದರೆ ಅರ್ಥ ಇಲ್ಲ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿ ಜೋರಾಗಿ ಓದಿ. ಮಾತಿಲ್ಲದ ಕಡೆ ಆ ಕೆಲಸ ನಡೆಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿರಿ. ಎರಡೂಕಾಲು ಗಂಟೆ ದಾಟಿದರೆ ಮತ್ತೆ ಒನ್‌ಲೈನ್‌ಗೆ ಹೋಗಿ.

ಪ್ರಶ್ನೆ: ಇಂಟರ್‌ವಲ್ ಇಷ್ಟನೇ ಪುಟಕ್ಕೇ ಬರಬೇಕು ಅಂತ ಯೂಟ್ಯೂಬಿನಲ್ಲಿ ಹೇಳಿದ್ದಾರೆ. ನಿಜವೇ?
— ಮೈಸೂರಿನ ಓದುಗರು

ಇಲ್ಲ.

ಪ್ರಶ್ನೆ: ಟೈಟಲ್‌ನಲ್ಲಿ ಎಷ್ಟು ಅಕ್ಷರ ಇರಬೇಕು? ಸಂಖ್ಯಾಶಾಸ್ತ್ರದವರು ಒಂದಕ್ಷರ ಸೇರಿಸಿ ಅಂದಿದ್ದಾರೆ.
— ಮದ್ದೂರಿನ ಓದುಗರು

ಆ ದುಡ್ಡಿನಲ್ಲಿ ಸ್ಕ್ರಿಪ್ಟ್ ನಾಲ್ಕು ಪ್ರತಿ ಪ್ರಿಂಟ್ ತೆಗೆಸಿ.

ಪ್ರಶ್ನೆ: ಕಥೆ ಕದಿಯಬಾರದು ಅಂತ ಸ್ಕ್ರಿಪ್ಟನ್ನು ನನಗೇ ರಿಜಿಸ್ಟರ್ಡ್ ಪೋಸ್ಟ್ ಮಾಡಿಕೊಂಡು ಕವರ್ ಒಡೆಯದೆ ಇಟ್ಟಿದ್ದೇನೆ. ಸಾಕಲ್ವಾ?
— ಮಳವಳ್ಳಿಯ ಓದುಗರು

ಈ ಕವರಿನ ಕಥೆ ಯಾರು ಹಬ್ಬಿಸುತ್ತಾರೋ! 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದಾಗಲೇ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯವಲ್ಲ, ಆದರೆ ತಕರಾರು ಬಂದರೆ ಅದು ಸಾಕ್ಷಿಗೆ ಬರುತ್ತದೆ. ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಬಹುದು. ಡ್ರಾಫ್ಟ್ ತಿದ್ದಿ ಮುಗಿಸಿದ ಮೇಲೆ ಹಾಕಿ. ಒಂದು ಮಾತು ತಿಳಿದಿರಲಿ: ಬರೀ ಕಥೆಯ ಎಳೆಗೆ ರಕ್ಷಣೆ ಇಲ್ಲ. ಎಳೆಯನ್ನು ನೀವು ಹೇಗೆ ಬರೆದಿದ್ದೀರೋ ಅದಕ್ಕೆ ಮಾತ್ರ ಇದೆ. ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಇದನ್ನು ಹೇಳಿದೆ. ಹಾಗಾಗಿ ಅಪರಿಚಿತರಿಗೆ ಬಾಯಲ್ಲಿ ಕಥೆ ಹೇಳುತ್ತಾ ತಿರುಗಬೇಡಿ. ಬರೆದು ಮುಗಿಸಿ, ಪಿಡಿಎಫ್ ಮಾಡಿ, ಇಮೇಲ್‌ನಲ್ಲಿ ಕಳಿಸಿ. ಯಾರಿಗೆ ಯಾವಾಗ ಕಳಿಸಿದಿರಿ ಎಂಬುದು ದಾಖಲೆಯಾಗಿ ಉಳಿಯುತ್ತದೆ.

ಪ್ರಶ್ನೆ: 40 ಸಾವಿರ ಕೊಟ್ಟರೆ ಸ್ಕ್ರಿಪ್ಟ್ ತಿದ್ದಿ ನಿರ್ಮಾಪಕರಿಗೆ ತಲುಪಿಸುತ್ತೇವೆ ಎನ್ನುತ್ತಿದ್ದಾರೆ. ಕೊಡಲೇ?
— ಮೈಸೂರಿನ ಓದುಗರು

ಕೊಡಬೇಡಿ. ಸ್ಕ್ರಿಪ್ಟ್ ಓದಿ ಅಭಿಪ್ರಾಯ ಬರೆದು ಕೊಡಲು ಹಣ ಕೇಳುವುದು ತಪ್ಪಲ್ಲ, ಅದು ಕೆಲಸ. ನಿರ್ಮಾಪಕರಿಗೆ ತಲುಪಿಸುವ ಭರವಸೆಗೆ ಹಣ ಕೇಳುವುದು ಮೋಸ. ಹೊಸಬರ ಆಸೆಯನ್ನೇ ಬಂಡವಾಳ ಮಾಡಿಕೊಂಡ ಇವರನ್ನು ಕಂಡರೆ ನನಗೆ ತುಂಬಾ ಕೋಪ ಬರುತ್ತದೆ. ಮನೆಯಲ್ಲಿ ಸಾಲ ಮಾಡಿ ಕೊಟ್ಟವರನ್ನು ನೋಡಿದ್ದೇನೆ.

ಪ್ರಶ್ನೆ: ಹಾಗಾದರೆ ಎರಡನೇ ಡ್ರಾಫ್ಟ್ ಯಾರಿಗೆ ಓದಲು ಕೊಡಲಿ? ಮನೆಯವರೆಲ್ಲ ಚೆನ್ನಾಗಿದೆ ಅಂತಾರೆ.
— ಶ್ರೀರಂಗಪಟ್ಟಣದ ಓದುಗರು

ಮನೆಯವರಿಗೆ ಬೇಡ, ಅವರಿಗೆ ನೀವು ಬೇಕು. ನಿಮ್ಮ ಪಕ್ಕದಲ್ಲೇ ಮೈಸೂರು ಇದೆ. ಅಲ್ಲಿನ ನಾಟಕ ಸಂಸ್ಥೆ ರಂಗಾಯಣ ಶುರುವಾಗಿದ್ದು 1989ರಲ್ಲಿ. ಅಲ್ಲಿ ಕಲಿತವರು, ಹವ್ಯಾಸಿ ತಂಡಗಳಲ್ಲಿ ಆಡುವವರು ಊರ ತುಂಬ ಇದ್ದಾರೆ. ನಾಲ್ಕು ಜನ ನಟರನ್ನು ಕೇಳಿಕೊಳ್ಳಿ, ಒಂದು ಭಾನುವಾರ ಕೂರಿಸಿ ಓದಿಸಿ. ನೀವು ಓದಬೇಡಿ, ವಿವರಣೆಯನ್ನೂ ಕೊಡಬೇಡಿ. ನಟರು ಯಾವ ಮಾತಿನಲ್ಲಿ ಎಡವಿದರು, ಯಾವ ಸಾಲನ್ನು ತಾವಾಗಿಯೇ ಬದಲಿಸಿ ಹೇಳಿದರು ಎಂದು ಗುರುತು ಹಾಕಿಕೊಳ್ಳಿ. ಮುಗಿದ ಮೇಲೆ ‘ಹೇಗಿತ್ತು’ ಎಂದು ಕೇಳಬೇಡಿ, ‘ಕಥೆ ಏನು, ಹೇಳಿ’ ಅನ್ನಿ. ಅವರು ಯಾವ ಸೀನ್ ಮರೆತು ಹೇಳುತ್ತಾರೋ ಅಲ್ಲಿಂದ ಮೂರನೇ ಡ್ರಾಫ್ಟ್ ಶುರು ಮಾಡಿ. ಬಂದವರಿಗೆ ಊಟ ಹಾಕಿಸುವುದನ್ನು ಮರೆಯಬೇಡಿ.